ನಡುವೆ ಉಳಿದ ಹುಲ್ಲು

ನನ್ನ ಅತ್ತಿಗೆ ಕೆಜಾಯ ಬರಿಗೈಯಲ್ಲಿ ನಡೆದದ್ದನ್ನು ನಾನು ಕಂಡಿಲ್ಲ. ಅವಳ ಬಲಗೈಯಲ್ಲಿ ಹೊಗೆಯಾಡುವ ಒಂದು ಕೊಳ್ಳಿ ಇದ್ದೇ ಇರುತ್ತದೆ. ಇಬ್ಬನಿ ಬೀಳುವ ತಿಂಗಳುಗಳಲ್ಲಿ ನಾವಿಬ್ಬರೂ ಗೆಣಸು ಅಗೆಯಲು ಹೊರಟರೆ, ದಾರಿಬದಿಯ ಹುಲ್ಲಿಗೆ ಅಲ್ಲಲ್ಲಿ ಕೊಳ್ಳಿ ಮುಟ್ಟಿಸುತ್ತ, ಹಿಂದೆ ತಿರುಗಿ ನೋಡದೆ, ತನ್ನ ಮೊಣಕಾಲಿನ ನೋವಿನ ಬಗ್ಗೆ ಹೇಳಿಕೊಳ್ಳುತ್ತ ಹೋಗುತ್ತಾಳೆ. ಬೇರೆ ಹೆಂಗಸರು ಅಂಗಳ ಗುಡಿಸುತ್ತಾರೆ, ಅವಳು ನೆಲ ಸುಡುತ್ತಾಳೆ. ಅಷ್ಟೇ ವ್ಯತ್ಯಾಸ.

ಹಿಂದೆ ತಿರುಗಿ ನೋಡುವ ಅಗತ್ಯವೂ ಇಲ್ಲ. ಹುಲ್ಲಿನ ಬುಡ ಇನ್ನೂ ಹಸಿಯಾಗಿರುವಾಗ ಇಟ್ಟ ಬೆಂಕಿ ಮೊಣಕಾಲಿನ ಮೇಲೆ ಏಳುವುದಿಲ್ಲ. ಸಂಜೆ ಇಬ್ಬನಿ ಇಳಿದರೆ ತಾನಾಗಿ ಮಲಗುತ್ತದೆ. ಮರದ ತಲೆಗೆ ಬಿಸಿ ತಾಗುವುದಿಲ್ಲ. ಸ್ವಲ್ಪ ದಿನ ಕಳೆದರೆ ಕಪ್ಪು ನೆಲದ ಮೇಲೆ ಚಿಗುರು ಬರುತ್ತದೆ, ಚಿಗುರಿಗೆ ಕಾಂಗರೂ ಬರುತ್ತದೆ, ಕಾಂಗರೂ ಬಂದ ಮೇಲೆ ನಾವು ಹೋಗುತ್ತೇವೆ. ಸುಡದೆ ಬಿಟ್ಟ ನೆಲವನ್ನು ನಾವು ಕೊಳಕು ನೆಲ ಎನ್ನುತ್ತೇವೆ. ಅಂಥ ನೆಲ ಇಟ್ಟುಕೊಂಡವರ ಮನೆಗೆ ಹೋದಾಗ ಏನೂ ಹೇಳುವುದಿಲ್ಲ, ಚಹಾ ಕುಡಿದು ಬರುತ್ತೇವೆ. ಆಮೇಲೆ ಹೇಳುತ್ತೇವೆ.

ನಮ್ಮದು ಆಸ್ಟ್ರೇಲಿಯಾದ ಉತ್ತರ ತುದಿಯ ಆರ್ನೆಮ್ ಲ್ಯಾಂಡಿನ ಕಲ್ಲುನಾಡು. ಕೆಜಾಯ ಹುಡುಗಿಯಾಗಿದ್ದಾಗ ಮೇಲಿನ ಜನವೆಲ್ಲ ಒಬ್ಬೊಬ್ಬರಾಗಿ ಕೆಳಗೆ ಪಾದ್ರಿಗಳ ಮಿಷನ್ನಿಗೆ ಇಳಿದರು. ಅಲ್ಲಿ ಗೋಧಿಹಿಟ್ಟು ಇತ್ತು, ತಂಬಾಕು ಇತ್ತು, ಶಾಲೆ ಇತ್ತು. ಅವಳೂ ಇಳಿದಳು. ಮಿಷನ್ನಿನ ಬಟ್ಟೆ ಒಗೆಯುವ ಕೊಠಡಿಯಲ್ಲಿ ಅವಳ ವಯಸ್ಸು ಕಳೆಯಿತು. ನನ್ನ ಅಣ್ಣ ಅವಳನ್ನು ಮದುವೆಯಾದದ್ದೂ ಅಲ್ಲಿಯೇ. ಅಣ್ಣ ಈಗಿಲ್ಲ. ತೀರಿಹೋದವರ ಹೆಸರು ನಾವು ಎತ್ತುವುದಿಲ್ಲ, ಹಾಗಾಗಿ ಬರೆಯುವುದಿಲ್ಲ. ಆ ವರ್ಷಗಳಲ್ಲಿ ಮೇಲಿನ ನೆಲದಲ್ಲಿ ನಡೆಯುವವರು ಇರಲಿಲ್ಲ. ನಡೆಯುವವರಿಲ್ಲದ ಮೇಲೆ ಸುಡುವವರೂ ಇಲ್ಲ. ಸುಡುವವರಿಲ್ಲ ಎಂದರೆ ಬೆಂಕಿ ಬರುವುದಿಲ್ಲ ಎಂದಲ್ಲ. ತಡವಾಗಿ ಬರುತ್ತದೆ. ಮಳೆಗೆ ಮುಂಚಿನ ಸೆಖೆಯಲ್ಲಿ, ವರ್ಷಗಟ್ಟಲೆ ಬೆಳೆದು ಒಣಗಿದ ಹುಲ್ಲಿಗೆ ಸಿಡಿಲು ಬಿದ್ದರೆ ಆ ಬೆಂಕಿ ಯಾರ ಮಾತೂ ಕೇಳುವುದಿಲ್ಲ.

ಹಿಂದಕ್ಕೆ ಬಂದು ಮನೆ ಕಟ್ಟಿಕೊಂಡಾಗ ಕೆಜಾಯ ಮೊದಲು ಮಾಡಿದ್ದು ತನ್ನ ಅಪ್ಪನ ನೆಲ ನೋಡಲು ಹೋದದ್ದು. ಆ ನೆಲದಲ್ಲಿ ಅನ್ಬಿನಿಕ್ ಮರದ ತೋಪುಗಳು ಮೂರು ಇದ್ದವು. ಅನ್ಬಿನಿಕ್ ಎಂದರೆ ದಟ್ಟ ನೆರಳಿನ ದೊಡ್ಡ ಮರ, ನಮ್ಮ ಕಲ್ಲುನಾಡು ಬಿಟ್ಟು ಬೇರೆ ಕಡೆ ನಾನು ಕಂಡಿಲ್ಲ. ಅದರ ಕೆಳಗೆ ಹುಲ್ಲು ಬೆಳೆಯುವುದಿಲ್ಲ, ನಡುಮಧ್ಯಾಹ್ನವೂ ತಂಪು. ದೊಡ್ಡ ಬೆಂಕಿ ಬಂದಾಗಲೆಲ್ಲ ಅಂಚಿನಿಂದ ಒಂದು ಸಾಲು ಮರ ಹೋಗುತ್ತದೆ. ಅವಳು ಬಟ್ಟೆ ಒಗೆಯುತ್ತಿದ್ದ ಕಾಲದಲ್ಲಿ ಎರಡು ತೋಪು ಹಾಗೆ ಸಾಲುಸಾಲಾಗಿ ಮುಗಿದುಹೋಗಿದ್ದವು. ಬಿಳಿ ಬೊಡ್ಡೆಗಳು ನಿಂತಿದ್ದವು. ಮೂರನೆಯದು ಬಂಡೆಯ ಗೋಡೆಗೆ ಬೆನ್ನು ಕೊಟ್ಟು ಉಳಿದುಕೊಂಡಿತ್ತು. ಅವಳು ಹುಟ್ಟಿದ್ದು ಆ ನೆರಳಲ್ಲಿ.

ಅವತ್ತು ಅವಳು ಅಳಲಿಲ್ಲ. ತೋಪಿನ ಒಳಗೆ ಹೋಗಿ ಕೂತಳು, ಬೂದಿಯಲ್ಲಿ ಸುಟ್ಟ ರೊಟ್ಟಿ ತಿಂದಳು, ಹೊರಗೆ ಬಂದಳು.

"ಯೂನಿಸ್, ಇದೂ ಹೋದ್ರೆ ನಾನು ಎಲ್ಲಿಯವಳು ಅಂತ ಯಾರಾದ್ರೂ ಕೇಳಿದ್ರೆ, ಬೊಡ್ಡೆ ತೋರಿಸ್ಬೇಕಾಗುತ್ತೆ," ಎಂದಳು.

ಅವಳ ಮಗಳು ಲೋಯಿಸ್ ಟೈಟಸ್‌ನನ್ನು ಮದುವೆಯಾದದ್ದು ಆಮೇಲೆ. ಟೈಟಸ್ ಉದ್ದಕ್ಕೆ, ಮಾತು ಕಡಿಮೆ, ರೇಂಜರ್ ಕೆಲಸ. ನಮ್ಮಲ್ಲಿ ಅತ್ತೆ-ಅಳಿಯ ಒಬ್ಬರ ಮುಖ ಒಬ್ಬರು ನೋಡಬಾರದು, ನೇರ ಮಾತಾಡಬಾರದು, ಹೆಸರು ಎತ್ತಬಾರದು. ಇದು ಜಗಳವಲ್ಲ, ಮರ್ಯಾದೆ. ಹಿಂದಿನವರಿಗೆ ಅತ್ತೆ-ಅಳಿಯಂದಿರ ನಡುವೆ ಆಡಲು ಬೇರೆಯೇ ಒಂದು ಭಾಷೆ ಇತ್ತು. ಟೈಟಸ್‌ಗೆ ಅದು ಬರುತ್ತಿರಲಿಲ್ಲ. ಬರುವ ಹಾಗೆ ನಟಿಸುವ ಧೈರ್ಯವೂ ಅವನಿಗೆ ಇರಲಿಲ್ಲ. ಹಾಗಾಗಿ ಅವನು ಬರುವ ಸದ್ದು ಕೇಳಿದರೆ ಇವಳು ಮನೆಯ ಹಿಂದೆ ಹೋಗುತ್ತಾಳೆ, ಇವಳ ಕೊಳ್ಳಿಯ ಹೊಗೆ ಕಂಡರೆ ಅವನು ದಾರಿ ಬದಲಿಸುತ್ತಾನೆ. ನಮ್ಮಲ್ಲಿರುವುದು ಒಂದೇ ಗಾಡಿ. ಅವನು ಓಡಿಸುವಾಗ ಇವಳು ಹಿಂದಿನ ತೆರೆದ ಭಾಗದಲ್ಲಿ ಹಿಮ್ಮುಖವಾಗಿ ಕೂತು, ತಲೆಯ ಮೇಲೆ ಟವೆಲ್ ಹಾಕಿಕೊಂಡು ಬರುತ್ತಾಳೆ. ಧೂಳೆಲ್ಲ ಅವಳಿಗೆ.

"ಅಳಿಯ ಅಂದ್ರೆ ಹೀಗಿರ್ಬೇಕು," ಎಂದು ಅವಳು ಎಲ್ಲರ ಮುಂದೆ ಹೊಗಳುತ್ತಾಳೆ. "ಮದುವೆ ಆದಾಗಿಂದ ಒಂದು ಸಲಾನೂ ಮುಖ ತೋರಿಸಿಲ್ಲ."

ನಾನು ಹೇಳಹೊರಟಿರುವುದು ಲೋಯಿಸ್ ಹೆರಿಗೆಗೆ ಪಟ್ಟಣಕ್ಕೆ ಹೋದ ವರ್ಷದ ವಿಷಯ.

ಅದರ ಹಿಂದಿನ ಮಳೆಗಾಲ ಚೆನ್ನಾಗಿ ಸುರಿದಿತ್ತು. ತೋಪಿನ ಮುಂದಿನ ಬಯಲಿನಲ್ಲಿ ಮುಳ್ಳುಹುಲ್ಲು ಎದೆಯ ತನಕ ಬೆಳೆದಿತ್ತು. ಆ ಹುಲ್ಲಿನಲ್ಲಿ ಅಂಟು ಇರುತ್ತದೆ, ಹಸಿಯಿದ್ದರೂ ಉರಿಯುತ್ತದೆ, ಒಣಗಿದರಂತೂ ಸೀಮೆಎಣ್ಣೆ ಸುರಿದ ಹಾಗೆ. ಒರಟು ತೊಗಟೆಯ ನೀಲಗಿರಿ ಕಿತ್ತಳೆ ಬಣ್ಣದ ಹೂ ಬಿಟ್ಟಿತು. ಅಂದರೆ ಸುಡುವ ಕಾಲ. ತೋಪಿನ ಅಂಚಿನ ಉದ್ದಕ್ಕೂ ಒಂದು ಪಟ್ಟಿ ಸುಟ್ಟುಬಿಟ್ಟರೆ, ಸೆಖೆಗಾಲದ ಬೆಂಕಿ ಬಂದರೂ ಅಲ್ಲಿಗೆ ಬಂದು ತಿನ್ನಲು ಏನೂ ಸಿಗದೆ ನಿಲ್ಲುತ್ತದೆ.

ಆದರೆ ಸುಡುವುದಕ್ಕೆ ಅಪ್ಪಣೆ ಬೇಕು. ನಮ್ಮಲ್ಲಿ ನೆಲ ಅಪ್ಪನ ಕಡೆಯಿಂದ ಬರುತ್ತದೆ, ಆದರೆ ಆ ನೆಲಕ್ಕೆ ಬೆಂಕಿ ಇಡಬೇಕಾದರೆ ಆ ಮನೆಯ ಹೆಣ್ಣುಮಕ್ಕಳ ಮಕ್ಕಳು ಹೂಂ ಅನ್ನಬೇಕು. ನೆಲ ಕೆಜಾಯಳದು, ಹೂಂ ಅನ್ನಬೇಕಾದವಳು ಲೋಯಿಸ್. ನಾನು ಎರಡೂ ಅಲ್ಲ. ಆ ನೆಲದಲ್ಲಿ ನಾನು ಗೆಣಸು ಅಗೆಯಬಹುದು, ಕಡ್ಡಿ ಗೀರುವ ಹಾಗಿಲ್ಲ.

ಎರಡೂ ಕಡೆಯವರು ಮಾತಾಡುವ ರೇಡಿಯೋ ನಮ್ಮಲ್ಲಿದೆ, ಅದರಲ್ಲಿ ಲೋಯಿಸ್ ಸಿಕ್ಕಳು.

"ಸುಡಿ ಅಮ್ಮ. ನೀನು ತೊರೆ ಕಡೆಯಿಂದ ಬಾ, ಅವರು ಬಂಡೆ ಮೂಲೆಯಿಂದ ಬರ್ಲಿ. ನಡುವೆ ಸೇರಿಸ್ಬಿಡಿ," ಎಂದಳು.

"ಸರಿ," ಎಂದಳು ಕೆಜಾಯ.

ಟೈಟಸ್ ಹೊರಗೆ ಗಾಡಿಯ ಹತ್ತಿರ ನಿಂತು ಎಲ್ಲ ಕೇಳಿಸಿಕೊಂಡಿದ್ದ. ಆದರೂ ನಾನು ಹೋಗಿ ಅವನಿಗೆ ಮೊದಲಿನಿಂದ ಹೇಳಿದೆ. ನಾನು ಅವನಿಗೆ ವರಸೆಯಲ್ಲಿ ಅಜ್ಜಿ, ನನ್ನ ಜೊತೆ ಮಾತಾಡಬಹುದು. ಅವನೂ ಮೊದಲ ಸಲ ಕೇಳುವವನ ಹಾಗೆ ಕೇಳಿದ.

ಮರುದಿನ ಇಬ್ಬರೂ ಹೋದರು, ಬೇರೆ ಬೇರೆ ದಾರಿಯಲ್ಲಿ. ಮನೆಯಿಂದ ನನಗೆ ಎರಡು ಹೊಗೆ ಕಾಣುತ್ತಿತ್ತು. ತೊರೆಯ ಕಡೆಯದು ಸಣ್ಣ ಹೊಗೆ, ಬಂಡೆಯ ಕಡೆಯದು ದಪ್ಪ. ಮಧ್ಯಾಹ್ನದ ಹೊತ್ತಿಗೆ ಎರಡೂ ಒಂದರ ಹತ್ತಿರ ಒಂದು ಬಂದವು. ಸಂಜೆ ಇಬ್ಬರೂ ಬಂದು ಅವರವರ ಕಡೆ ಕೂತು ಚಹಾ ಕುಡಿದರು. ಆಯಿತೇ ಎಂದೆ. ಆಯಿತು ಎಂದಳು ಅತ್ತಿಗೆ. ಆಯಿತೇನಪ್ಪ ಎಂದೆ. ಆಯ್ತಜ್ಜಿ ಎಂದ ಅಳಿಯ.

ಅದರ ಮರುದಿನ ಬೆಳಗ್ಗೆ ಟೈಟಸ್‌ನ ತಾಯಿಯ ಕಡೆಯವರೊಬ್ಬರು ತೀರಿಹೋದರೆಂದು ಸುದ್ದಿ ಬಂತು. ಅವನು ಗಾಡಿ ತೆಗೆದುಕೊಂಡು ಹೋದ. ನಮ್ಮಲ್ಲಿ ಸಾವಿನ ಕಾರ್ಯ ಎಲ್ಲರೂ ಬಂದು ಸೇರುವ ತನಕ ಮುಗಿಯುವುದಿಲ್ಲ, ಮತ್ತು ಎಲ್ಲರೂ ಯಾವತ್ತೂ ಒಂದೇ ಸಲ ಬರುವುದಿಲ್ಲ. ಇಬ್ಬನಿ ಬೀಳುವ ತಿಂಗಳು ಮುಗಿಯಿತು, ಚಳಿಯೂ ಮುಗಿಯಿತು. ಬೆಳಗಿನಿಂದಲೇ ಪೂರ್ವದ ಬಿಸಿಗಾಳಿ ಬೀಸಲು ಶುರುವಾದ ಮೇಲೆ, ಕಲ್ಲಿನ ಸಂದಿಯ ಜೇನು ತೆಗೆಯಲು ನಾವಿಬ್ಬರೂ ನಡೆದುಕೊಂಡು ತೋಪಿನ ಕಡೆಗೆ ಹೋದೆವು.

ತೊರೆಯಿಂದ ಸುಟ್ಟ ಪಟ್ಟಿ ಚೆನ್ನಾಗಿತ್ತು, ಸಣ್ಣ ಚಿಗುರು ಬಂದಿತ್ತು. ಬಂಡೆ ಮೂಲೆಯಿಂದ ಸುಟ್ಟದ್ದೂ ಚೆನ್ನಾಗಿತ್ತು. ನಡುವೆ ಒಂದು ಮೈದಾನದ ಅಗಲ ಹುಲ್ಲು ಹಾಗೇ ನಿಂತಿತ್ತು, ಒಣಗಿ ಹಳದಿಯಾಗಿ, ತೋಪಿನ ಮೊದಲ ಮರಕ್ಕೆ ಒರಗಿಕೊಂಡು.

ಕೆಜಾಯ ಬಹಳ ಹೊತ್ತು ನೋಡಿದಳು.

"ಇದು ಅವನು ಸುಡ್ಬೇಕಿತ್ತು," ಎಂದಳು.

"ಅವನಿಗೆ ಬಿಟ್ಟು ಬಂದ್ಯಾ?"

"ಬಿಡದೆ? ಅವನ ಹೊಗೆ ಕಾಣಿಸ್ತು. ಅಳಿಯನ ಹೊಗೆ ಕಂಡ ಮೇಲೆ ಮುಂದಕ್ಕೆ ಹೋಗೋ ಹೆಂಗಸು ಎಂಥವಳು?"

ಜೇನು ತೆಗೆಯದೆ ವಾಪಸ್ಸು ಬಂದೆವು. ದಾರಿಯುದ್ದಕ್ಕೂ ಅವಳು ಮೊಣಕಾಲಿನ ಸುದ್ದಿ ಎತ್ತಲಿಲ್ಲ.

ಟೈಟಸ್ ಬಂದದ್ದು ಅದಾದ ಕೆಲವು ದಿನಕ್ಕೆ. ಅವನು ಬರುವಾಗಲೇ ಪೂರ್ವದಲ್ಲಿ ಹೊಗೆ ಎದ್ದಿತ್ತು. ಅದು ಕೈಬೆರಳಿನಂಥ ಹೊಗೆಯಲ್ಲ, ಗೋಡೆಯಂಥ ಹೊಗೆ. ಆ ಕಡೆಯ ನೆಲಕ್ಕೆ ಈಗಲೂ ಜನ ಹಿಂದಿರುಗಿಲ್ಲ. ಅವನು ಗಾಡಿಯಿಂದ ಇಳಿದು ಮರದ ಈಚೆ ಕೂತ. ಕೆಜಾಯ ಮರದ ಆಚೆ, ಬೆನ್ನು ತಿರುಗಿಸಿ ಕೂತಳು. ಇಬ್ಬರ ನಡುವೆ ನಾನು ನಿಂತೆ. ಮಾತು ಎಲ್ಲರಿಗೂ ಕೇಳಿಸುತ್ತಿತ್ತು.

"ಯೂನಿಸ್, ಅವನನ್ನ ಕೇಳು. ನಡುವಿನ ಹುಲ್ಲು ಯಾಕೆ ಬಿಟ್ಟ ಅಂತ."

"ನಡುವಿನ ಹುಲ್ಲು ಯಾಕೆ ಬಿಟ್ಟೆ?"

"ಅಜ್ಜಿ, ಅವರ ಹೊಗೆ ಕಾಣಿಸ್ತು ನನಗೆ. ಹತ್ತಿರದಲ್ಲೇ ಇದ್ದಾರೆ ಅಂತ ತಿರುಗಿಬಿಟ್ಟೆ. ಉಳಿದಿದ್ದು ಅವರು ಸೇರಿಸ್ತಾರೆ ಅಂದ್ಕೊಂಡೆ."



"ಅವನು ತಿರುಗಿದ್ದು ಸರಿ ಅಂತ ಹೇಳು," ಎಂದಳು ಕೆಜಾಯ.

"ಅವರು ತಿರುಗಿದ್ದೂ ಸರಿ ಅಂತ ಹೇಳಿ," ಎಂದ ಟೈಟಸ್.

ಇಬ್ಬರೂ ಸರಿ. ತಪ್ಪು ಹುಲ್ಲಿನದೇ ಇರಬೇಕು. ಇದನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ, ಯಾಕೆಂದರೆ ಪೂರ್ವದ ಹೊಗೆ ಆಗಲೇ ಬೆಳಗಿನದಕ್ಕಿಂತ ಅಗಲವಾಗಿತ್ತು.

ಟೈಟಸ್ ನೆಲದ ಮೇಲೆ ಕಡ್ಡಿಯಿಂದ ಗೀಚಿದ. ಬೆಂಕಿ ನಾಳೆ ಮಧ್ಯಾಹ್ನ ಬಯಲಿಗೆ ಬರುತ್ತದೆ, ಗಾಳಿ ಅದನ್ನು ನೇರ ಆ ಹುಲ್ಲಿಗೆ ತಳ್ಳುತ್ತದೆ, ಹುಲ್ಲು ಅದನ್ನು ತೋಪಿನ ಹೊಟ್ಟೆಯೊಳಗೆ ಕರೆದುಕೊಂಡು ಹೋಗುತ್ತದೆ ಎಂದ. ಅಂಚಿನಿಂದ ಒಂದು ಸಾಲಲ್ಲ, ನಡುವಿನಿಂದ ಪೂರ್ತಿ. ಇವತ್ತು ಸಂಜೆ ಗಾಳಿ ಬಿದ್ದ ಮೇಲೆ ಸುಡಬೇಕು. ತೋಪಿನ ಅಂಚಿಗೆ ಹಚ್ಚಿದರೆ ಬೆಂಕಿ ಗಾಳಿಗೆ ಎದುರಾಗಿ ಮೆಲ್ಲಗೆ ಹೊರಕ್ಕೆ ಹೋಗುತ್ತದೆ. ಆದರೆ ಒಳಕ್ಕೆ ನುಗ್ಗುವುದನ್ನು ಹಸಿ ಕೊಂಬೆಯಿಂದ ಬಡಿದು ಆರಿಸುತ್ತಾ ಹೋಗಲು ಇನ್ನೊಬ್ಬರು ಬೇಕು, ಮರ ಬಲ್ಲವರು, ಕೈ ಅಳತೆಯಲ್ಲೇ ಇರಬೇಕು.

"ನಾನು ಬಡೀತೀನಿ," ಎಂದೆ. ಹಚ್ಚಲು ನನಗೆ ಹಕ್ಕಿಲ್ಲ, ಆರಿಸಲು ಯಾರ ಅಪ್ಪಣೆಯೂ ಬೇಡ.

"ನಿನ್ನ ಕೈಲಿ ನೀರಿನ ಕೊಡಾನೇ ಎತ್ತೋಕಾಗಲ್ಲ," ಎಂದಳು ಕೆಜಾಯ. "ನೀನು ಗೋಣಿ ನೆನೆಸಿಕೊಡು ಸಾಕು. ಬಡಿಯೋದು ನಾನು."

ಟೈಟಸ್ ಕಡ್ಡಿ ಕೆಳಗಿಟ್ಟ. ಅವನ ಕಿವಿ ಕೆಂಪಾಗುವ ಬಣ್ಣವಲ್ಲ, ಆದರೂ ಆಯಿತು ಎಂದೇ ನನ್ನ ಲೆಕ್ಕ.

ಸೆಖೆಗಾಲದಲ್ಲಿ ಎರಡನೇ ಸಲ ಬೆಂಕಿ ಇಡುವುದಕ್ಕೆ ಮತ್ತೆ ಲೋಯಿಸ್ ಹೂಂ ಅನ್ನಬೇಕು. ಅವಳು ಹಸುಗೂಸಿನ ಜೊತೆ ಇನ್ನೂ ಪಟ್ಟಣದಲ್ಲೇ ಇದ್ದಳು. ರೇಡಿಯೋ ಹಾಕಿದೆವು. ರೇಡಿಯೋ ಹಾಕಿದರೆ ಕಲ್ಲುನಾಡೆಲ್ಲ ಕೇಳುತ್ತದೆ.

"ಈಗ್ಲಾ ಅಮ್ಮ? ಈ ಗಾಳೀಲಿ? ನಮ್ಮ ಬೆಂಕೀನೇ ಒಳಗೆ ಹೋದ್ರೆ ತೋಪು ಸುಟ್ಟವಳು ಅಂತ ನನ್ನ ಹೆಸರು ಬರುತ್ತೆ. ಆಮೇಲೆ ಆ ನೆಲದ ಬಗ್ಗೆ ನನ್ನ ಮಾತು ಯಾರೂ ಕೇಳಲ್ಲ."

"ಸುಡದಿದ್ರೆ ನಾಳೆ ಹೇಗೂ ಹೋಗುತ್ತೆ. ಕೇಳೋಕೆ ನೆಲ ಇರುತ್ತೆ, ತೋಪಿರಲ್ಲ."

"ಯಾರು ಹಚ್ಚೋದು?"

"ನಿನ್ನ ಗಂಡ."

"ಯಾರು ಬಡಿಯೋದು?"

"ನಾನು."

ರೇಡಿಯೋ ಕರಕರ ಎಂದಿತು. "ಒಂದೇ ಕಡೇಲಾ?"

"ಬೆನ್ನಿಗೆ ಬೆನ್ನು. ನಾನು ತೋಪು ನೋಡ್ತೀನಿ, ಅವನು ಬಯಲು ನೋಡ್ತಾನೆ."

ಅಷ್ಟರಲ್ಲಿ ನದಿಯಾಚೆಯ ಮನೆಗಳಿಂದ ಸೈಲಸ್ ಬಾಯಿ ಹಾಕಿದ. ಕೆಜಾಯಳಿಗೆ ವರಸೆಯಲ್ಲಿ ಭಾವ, ಹಾಗಾಗಿ ಏನು ಬೇಕಾದರೂ ಹೇಳಬಹುದು. "ಕೆಜಾಯ, ಅಳಿಯನ ಬೆನ್ನು ಹೇಗಿದೆ ಅಂತ ಆಮೇಲೆ ಸ್ವಲ್ಪ ತಿಳಿಸು."

"ನಿನ್ನ ಹೆಂಡ್ತಿ ಮುಖ ನೋಡಿ ಎಷ್ಟು ದಿನ ಆಯ್ತು ಭಾವ? ಸದಾ ರೇಡಿಯೋ ಮುಂದೇನೇ ಇರ್ತೀಯಲ್ಲ," ಎಂದಳು ಕೆಜಾಯ. ಸೈಲಸ್‌ನ ಕಡೆಯಿಂದ ಒಬ್ಬ ಹೆಂಗಸಿನ ನಗು ಕೇಳಿಸಿತು.

"ಸುಡಿ," ಎಂದಳು ಲೋಯಿಸ್. ದನಿ ಸಣ್ಣದಾಗಿತ್ತು. "ಯೂನಿಸತ್ತೆ, ನೀನು ನಡುವೆ ಇರು."

ಗಾಡಿಯಲ್ಲಿ ಹೋದೆವು. ಅವಳು ಹಿಂದೆ, ತಲೆಯ ಮೇಲೆ ಟವೆಲ್.

ಗಾಳಿ ಬಿದ್ದಾಗ ಬಿಸಿಲು ಬಂಡೆಯ ಮೇಲ್ತುದಿಗೆ ಮಾತ್ರ ಇತ್ತು. ಟೈಟಸ್ ಮೊದಲು ತೋಪಿನ ಅಂಚಿನ ತರಗೆಲೆ ಕುಂಟೆಯಿಂದ ಎಳೆದು ಹಾಕಿದ. ಎಳೆದು ಮುಗಿಸಿ ಬಯಲಿಗೆ ಮುಖ ಮಾಡಿ ನಿಂತ. ಆಮೇಲೆ ಕೆಜಾಯ ಟವೆಲ್ ತೆಗೆದು, ಹಸಿ ಕೊಂಬೆ ಮುರಿದುಕೊಂಡು, ತೋಪಿಗೆ ಮುಖ ಮಾಡಿ ನಿಂತಳು. ಇಬ್ಬರ ಬೆನ್ನಿನ ನಡುವೆ ಒಂದು ಚಾಪೆ ಹಾಸುವಷ್ಟು ಜಾಗ. ನಾನು ಪಕ್ಕದಲ್ಲಿ ನೀರಿನ ಡಬ್ಬಿ, ಗೋಣಿ ಇಟ್ಟುಕೊಂಡು ನಿಂತೆ.

"ಶುರು ಮಾಡ್ಬಹುದಾ ಅಂತ ಕೇಳಿ ಅಜ್ಜಿ."

"ಮಾಡ್ಲಿ."

ಅವನು ಹಚ್ಚಿದ. ಆ ಹುಲ್ಲು ಕಾಯುತ್ತಲೇ ಇದ್ದ ಹಾಗೆ ಹತ್ತಿಕೊಂಡಿತು. ಅವನು ಒಂದು ಹೆಜ್ಜೆ ಪಕ್ಕಕ್ಕೆ, ಇವಳು ಒಂದು ಹೆಜ್ಜೆ ಪಕ್ಕಕ್ಕೆ. ನೋಡದೆಯೇ ಇಬ್ಬರ ಹೆಜ್ಜೆಗಳೂ ಕೂಡಿಬಂದವು. ಬೆಂಕಿಯ ದೊಡ್ಡ ಭಾಗ ಹೊರಗೆ ಮೆಲ್ಲಗೆ ತಿನ್ನುತ್ತ ಹೋಯಿತು. ಒಳಗೆ ತೆವಳಿದ್ದನ್ನು ಕೆಜಾಯ ಬಡಿದಳು. ಹಾವು ಬಡಿಯುವ ಹಾಗೆ ಎತ್ತಿ ಬಡಿಯಲಿಲ್ಲ, ಮಗುವಿನ ಬೆನ್ನು ತಟ್ಟಿ ಮಲಗಿಸುವ ಹಾಗೆ, ಕೊಂಬೆಯನ್ನು ಒತ್ತಿ ಹಿಡಿದು. ಎತ್ತಿ ಬಡಿದರೆ ಕಿಡಿ ಹಾರುತ್ತದೆ.

ಅರ್ಧ ದಾಟಿದ ಮೇಲೆ ಗಾಳಿ ಒಂದು ಸಲ ಉಸಿರು ಬಿಟ್ಟಿತು. ಜ್ವಾಲೆ ಟೈಟಸ್‌ನ ತಲೆಯೆತ್ತರ ಎದ್ದು ಈ ಕಡೆ ಬಾಗಿತು. ಕಿಡಿಗಳು ಮೇಲೆ ಹಾರಿ ಬಂದವು. ಅವುಗಳಲ್ಲಿ ಎರಡು ಕಿಡಿ ತೋಪಿನ ಒಳಗೆ ಬಿದ್ದವು, ಕೆಜಾಯ ಅವುಗಳ ಹಿಂದೆ ಹೋದಳು. ನಾನು ಗೋಣಿ ನೆನೆಸುತ್ತಿದ್ದೆ.

"ಅಜ್ಜಿ," ಎಂದ ಟೈಟಸ್, ಬಯಲಿನ ಕಡೆಗೇ ಮುಖವಿಟ್ಟು, ಸಾವಧಾನವಾಗಿ. "ಅವರ ಲಂಗಕ್ಕೆ ಬೆಂಕಿ ಹತ್ತಿದೆ ಅಂತ ಹೇಳಿ."

"ಅತ್ತಿಗೆ, ನಿನ್ನ ಲಂಗಕ್ಕೆ—"

"ಕೇಳಿಸ್ತು ಅಂತ ಹೇಳು ಅವನಿಗೆ," ಎಂದಳು ಕೆಜಾಯ. ಒಂದು ಕೈಯಲ್ಲಿ ಲಂಗದ ಅಂಚು ಮುದುರಿ ಹಿಸುಕಿದಳು, ಇನ್ನೊಂದು ಕೈಯಲ್ಲಿ ಕೊಂಬೆ ಒತ್ತಿ ಹಿಡಿದಿದ್ದಳು. ಅಲ್ಲಿದ್ದದ್ದು ಎಳೆಯ ಅನ್ಬಿನಿಕ್, ಅವಳ ಸೊಂಟದಷ್ಟು ಎತ್ತರ. ನಾನು ನೆನೆದ ಗೋಣಿ ಅವಳ ಕಾಲಿಗೆ ಸುತ್ತಿದೆ. ಅವಳು ಅದನ್ನು ಬಿಚ್ಚಿ ಗಿಡಕ್ಕೆ ಸುತ್ತಿದಳು.

ಬೆಂಕಿ ಮೂಲೆ ಮುಟ್ಟಿದಾಗ ನಕ್ಷತ್ರ ಕಾಣುವ ಹೊತ್ತಾಗಿತ್ತು. ಒಳಗೆ ಹೋದದ್ದು ಏನೂ ಇರಲಿಲ್ಲ. ಹೊರಗಿನದು ಬಯಲಿನಲ್ಲಿ ಕುಗ್ಗುತ್ತ ಹೋಯಿತು. ಕೆಜಾಯ ನೆಲದ ಮೇಲೆ ಕೂತು, ಸುಟ್ಟ ಲಂಗದ ಅಂಚನ್ನು ಬೆರಳಿನಲ್ಲಿ ಮುಟ್ಟಿ ನೋಡಿದಳು.

"ಯೂನಿಸ್. ಅವನು ಬಯಲು ನೋಡ್ತಿದ್ದ. ನನ್ನ ಲಂಗಕ್ಕೆ ಬೆಂಕಿ ಹತ್ತಿದ್ದು ಅವನಿಗೆ ಹೇಗೆ ಗೊತ್ತಾಯ್ತು ಅಂತ ಕೇಳು."

ಟೈಟಸ್ ಸ್ವಲ್ಪ ಯೋಚಿಸಿದ.

"ಬಟ್ಟೆ ಸುಟ್ಟ ವಾಸನೆ ಬಂತು ಅಂತ ಹೇಳಿ."

ಸುತ್ತ ಎಕರೆಗಟ್ಟಲೆ ಹುಲ್ಲು ಸುಟ್ಟ ವಾಸನೆ ಇತ್ತು. ಕೆಜಾಯ ಆ ಉತ್ತರವನ್ನು ಎಲ್ಲ ಕಡೆಯಿಂದ ತಿರುಗಿಸಿ ನೋಡಿದಳು.

"ಒಳ್ಳೇ ಮೂಗು ಅಂತ ಹೇಳು," ಎಂದಳು.

ಪೂರ್ವದ ಬೆಂಕಿ ಮರುದಿನ ಮಧ್ಯಾಹ್ನ ಬಂತು. ನಾವು ತೊರೆಯಲ್ಲಿ ಕಾಲಿಟ್ಟುಕೊಂಡು ನೋಡುತ್ತಿದ್ದೆವು. ಮರದ ತಲೆ ತಲೆ ಹಾರುತ್ತ, ಗಾಡಿಯ ಹಾಗೆ ಸದ್ದು ಮಾಡುತ್ತ ಬಯಲಿಗೆ ಇಳಿಯಿತು. ಕಪ್ಪು ಪಟ್ಟಿಯ ತನಕ ಬಂತು. ಅಲ್ಲಿ ಅತ್ತಿತ್ತ ನೋಡಿದ ಹಾಗೆ ಮಾಡಿ, ತಗ್ಗಿ, ಬಂಡೆ ಮೂಲೆಯ ಕಡೆಗೆ ಹೊರಳಿ, ಅಲ್ಲೂ ಸುಟ್ಟ ನೆಲವೇ ಕಂಡು ಸತ್ತಿತು. ತೊರೆಯ ಪಕ್ಕದ ಕೆಲವು ಮರಗಳ ಎಲೆ ಬಾಡಿದವು, ಮಳೆ ಬಂದ ಮೇಲೆ ಚಿಗುರಿದವು. ಕೆಜಾಯ ತೋಪಿನೊಳಗೆ ಹೋಗಿ ಒಂದೊಂದೇ ಮರ ಮುಟ್ಟುತ್ತ ನಡೆದಳು. ಟೈಟಸ್ ಆ ಹೊತ್ತು ಗಾಡಿಯ ಕೆಳಗೆ ಮಲಗಿ ಏನನ್ನೋ ರಿಪೇರಿ ಮಾಡುತ್ತಿದ್ದ. ಗಾಡಿ ಕೆಟ್ಟಿರಲಿಲ್ಲ.

ಆ ಸಂಜೆ ರೇಡಿಯೋದಲ್ಲಿ ಲೋಯಿಸ್ ತೋಪು ಇದೆಯಾ ಎಂದಷ್ಟೇ ಕೇಳಿದಳು. ಇದೆ ಎಂದೆವು. ಅವಳು ಅತ್ತಳು. ಕಲ್ಲುನಾಡೆಲ್ಲ ಕೇಳಿಸಿಕೊಂಡಿತು, ಸೈಲಸ್ ಕೂಡ, ಯಾರೂ ಬಾಯಿ ಹಾಕಲಿಲ್ಲ.

ಮುಂದಿನ ವರ್ಷ ನೀಲಗಿರಿ ಹೂ ಬಿಟ್ಟಾಗ ಲೋಯಿಸ್ ಮಗುವನ್ನು ಎತ್ತಿಕೊಂಡು ತೋಪಿನ ಹತ್ತಿರ ಬಂದಳು. ತೊರೆ ಕಡೆಯಿಂದ ಯಾರು, ಬಂಡೆ ಕಡೆಯಿಂದ ಯಾರು ಎಂದು ನಾನು ಕೇಳಿದೆ.

"ಎರಡೂ ಬೇಡ," ಎಂದಳು ಕೆಜಾಯ. "ನಡುವಿಂದ ಶುರು ಮಾಡ್ತೀವಿ ಅಂತ ಹೇಳು ಅವನಿಗೆ."

ಅವರು ತೋಪಿನ ನಡುಭಾಗದ ಎದುರು ಹೋಗಿ ನಿಂತರು, ಅವಳು ತೊರೆಗೆ ಮುಖ ಮಾಡಿ, ಅವನು ಬಂಡೆಗೆ ಮುಖ ಮಾಡಿ. ಲೋಯಿಸ್ ಹೂಂ ಎಂದಳು. ಇಬ್ಬರೂ ಒಂದೇ ಜಾಗದಲ್ಲಿ ಬೆಂಕಿ ಮುಟ್ಟಿಸಿ, ಒಬ್ಬರಿಂದ ಒಬ್ಬರು ದೂರ ನಡೆಯುತ್ತ, ಹಿಂದೆ ಹುಲ್ಲು ಉಳಿಸದೆ ಸುಡುತ್ತ ಹೋದರು. ಈಗ ನಮ್ಮಲ್ಲಿ ಹೀಗೇ ಸುಡುವುದು. ಅತ್ತೆ-ಅಳಿಯ ಇಲ್ಲದ ಮನೆಯವರೂ ಹಾಗೇ ಮಾಡುತ್ತಾರೆ.